ಅಪ್ಪನ ದವಡೆ, ಅತ್ತೆಯ ಸಿರಿಂಜು

ನಮ್ಮಪ್ಪ ಡಾಕ್ಟರಲ್ಲ. ಆದರೂ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾತ್ರೆ ಡಾಕ್ಟ್ರು ಎಂದೇ. ಹದಿನೇಳನೆಯ ವಯಸ್ಸಿಗೆ ಒಬ್ಬ ವೈದ್ಯರ ಬಳಿ ಕಾಂಪೌಂಡರ್ ಆಗಿ ಸೇರಿ, ಬಾಟಲಿ ತೊಳೆದು, ಪುಡಿಯ ಪೊಟ್ಟಣ ಕಟ್ಟಿ, ಆಮೇಲೆ ಪರೀಕ್ಷೆಗೆ ಕೂತು ಪಾಸಾಗಿ, ಮೂವತ್ತು ತುಂಬುವ ಹೊತ್ತಿಗೆ ಸ್ವಂತ ಔಷಧಿ ಅಂಗಡಿ ತೆರೆದವನು. ಅಂಗಡಿ ಎಂದರೆ ಒಂದು ಗಾಜಿನ ಕೌಂಟರು, ಅದರ ಹಿಂದೆ ಸೂರಿನವರೆಗೆ ಮರದ ಶೆಲ್ಫುಗಳು, ಮೂಲೆಯಲ್ಲಿ ಸದಾ ಗುರುಗುಟ್ಟುವ ಒಂದು ಫ್ರಿಜ್ಜು. ಎರಡನೆಯ ಶೆಲ್ಫಿನಲ್ಲಿ ಆ್ಯಂಟಿಬಯಾಟಿಕ್‌ಗಳು. ಕೆನ್ನೆಗೆ ಕೈ ಕೊಟ್ಟುಕೊಂಡು ಯಾರಾದರೂ ರಸ್ತೆ ದಾಟುತ್ತಿದ್ದರೆ, ಅವರು ಕೌಂಟರು ಮುಟ್ಟುವಷ್ಟರಲ್ಲಿ ಅಪ್ಪನ ಕೈ ಎರಡನೆಯ ಶೆಲ್ಫು ಮುಟ್ಟಿರುತ್ತಿತ್ತು. ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ಕತ್ತರಿಯಿಂದ ಆರು ಕ್ಯಾಪ್ಸೂಲ್ ಕತ್ತರಿಸಿ, ಜೊತೆಗೆ ಎರಡು ನೋವಿನ ಮಾತ್ರೆ ಹಾಕಿ, ನೋವು ನಿಂತ ಮೇಲೆ ನಿಲ್ಲಿಸಿಬಿಡಿ ಎನ್ನುತ್ತಿದ್ದ. ನೋವು ನಿಲ್ಲುತ್ತಿತ್ತು. ನಿಲ್ಲಿಸುತ್ತಿದ್ದದ್ದು ನೋವಿನ ಮಾತ್ರೆ, ಹೆಸರು ಬರುತ್ತಿದ್ದದ್ದು ಕ್ಯಾಪ್ಸೂಲಿಗೆ. ಕ್ಯಾಪ್ಸೂಲಿಗಿಂತ ಹೆಚ್ಚಿನ ಹೆಸರು ಅಪ್ಪನಿಗೆ.

ಅವನಿಗೆ ಒಬ್ಬಳೇ ಅಕ್ಕ, ಮೂರು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಊರಿನ ಇನ್ನೊಂದು ತುದಿಯ ಹಲ್ಲಿನ ಆಸ್ಪತ್ರೆಯಲ್ಲಿ, ದವಡೆ ಆಪರೇಷನ್ ಮಾಡುವ ವಾರ್ಡಿಗೆ ಹೆಡ್ ಸಿಸ್ಟರ್. ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ವಾಸ. ಅಲ್ಲಿ ಅವಳನ್ನು ಬೆಂಕಿ ಸಿಸ್ಟರ್ ಎನ್ನುತ್ತಿದ್ದರು. ಕಲಿಯಲು ಬಂದ ಹುಡುಗ ಹುಡುಗಿಯರು ಅವಳ ಚಪ್ಪಲಿಯ ಸದ್ದು ಕೇಳಿದರೆ ಕೈ ತೊಳೆದಿದ್ದರೂ ಇನ್ನೊಂದು ಸಲ ತೊಳೆಯುತ್ತಿದ್ದರಂತೆ. ಅತ್ತೆ ಇಡೀ ಆಯುಸ್ಸು ಕಳೆದದ್ದು ಅಪ್ಪನಂಥವರು ಮಾತ್ರೆ ಕೊಟ್ಟು ಮುಚ್ಚಿಟ್ಟ ಹಲ್ಲುಗಳ ಕೀವು ತೆಗೆಯುವ ಕೆಲಸದಲ್ಲಿ. ಹೀಗಾಗಿ ಅವರಿಬ್ಬರದು ಮೊದಲಿನಿಂದಲೂ ಹಾವು ಮುಂಗುಸಿಯ ಸಂಬಂಧ. ಆದರೆ ಮಾತು ಬಿಟ್ಟದ್ದು ಅಜ್ಜಿ ಹೋದ ಮೇಲೆ.

ಹದಿಮೂರು ವರ್ಷದ ಹಿಂದಿನ ಮಾತು. ಅಜ್ಜಿಗೆ ಕೆಳಗಿನ ದವಡೆಹಲ್ಲು ನೋವು ಬಂತು. ಅಪ್ಪ ಕ್ಯಾಪ್ಸೂಲ್ ಕೊಟ್ಟ, ಕಡಿಮೆಯಾಯಿತು. ಎರಡು ವಾರಕ್ಕೆ ತಿರುಗಿ ಬಂತು, ತಿರುಗಿ ಕೊಟ್ಟ. ಮೂರನೆಯ ಸಲ ಬಾವು ಗಲ್ಲದಿಂದ ಇಳಿದು ಕುತ್ತಿಗೆಯನ್ನೆಲ್ಲ ತುಂಬಿಕೊಂಡಿತು. ನಾಲಿಗೆ ಮೇಲಕ್ಕೆ ಒತ್ತಿ, ಅಜ್ಜಿಗೆ ಉಗುಳು ನುಂಗಲೂ ಆಗಲಿಲ್ಲ. ಆಸ್ಪತ್ರೆಗೆ ಒಯ್ದಾಗ ಕುತ್ತಿಗೆಗೆ ತೂತು ಮಾಡಿ ಉಸಿರಾಡಿಸಿದರು, ಕೀವು ಹರಿಸಿದರು, ಆದರೆ ನಂಜು ಆಗಲೇ ರಕ್ತಕ್ಕೆ ಸೇರಿತ್ತು. ಮೂರನೆಯ ದಿನ ಅಜ್ಜಿ ತೀರಿಕೊಂಡಳು. ಮನೆ ತುಂಬ ಜನ ಕೂತಿದ್ದಾಗ ಅತ್ತೆ ಅಳದೆ, ದನಿ ಏರಿಸದೆ ಹೇಳಿದಳು:

"ಅಮ್ಮ ಹಲ್ಲು ನೋವಿಂದ ಸಾಯಲಿಲ್ಲ. ಇವನು ಸಾಯಿಸಿದ."

ಅಪ್ಪ ಬಿಟ್ಟಾನೆಯೇ. "ಹಲ್ಲಿನ ಆಸ್ಪತ್ರೆಯಲ್ಲೇ ಮಗಳನ್ನ ಇಟ್ಕೊಂಡು ಅಮ್ಮ ನನ್ನ ಹತ್ರ ಯಾಕೆ ಬಂದ್ಲು ಅಂತ ನಿನ್ನನ್ನ ನೀನೇ ಕೇಳ್ಕೋ," ಅಂದ.

ಅತ್ತೆ ಎದ್ದು ಹೋದಳು. ಆಮೇಲೆ ಹನ್ನೊಂದು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ಎದುರಾದರೆ ಅಪ್ಪ ರಸ್ತೆಯ ಆ ಬದಿಗೆ ದಾಟುತ್ತಿದ್ದ. ಅತ್ತೆ ದಾಟುತ್ತಿರಲಿಲ್ಲ, ಎದುರಿಗೆ ಯಾರೂ ಇಲ್ಲವೆಂಬಂತೆ ನೇರ ನಡೆಯುತ್ತಿದ್ದಳು. ನಾನು ಮಾತ್ರ ವರ್ಷಕ್ಕೆ ನಾಲ್ಕೈದು ಸಲ ಕ್ವಾರ್ಟರ್ಸಿಗೆ ಹೋಗಿ ಬರುತ್ತಿದ್ದೆ. ಮನೆಗೆ ಬಂದರೆ ಅಪ್ಪ, ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಿರಲಿಲ್ಲ. ಗೊತ್ತಿದ್ದರಿಂದಲೇ ಕೇಳುತ್ತಿರಲಿಲ್ಲ.

ಅಪ್ಪನ ಸ್ವಂತ ಹಲ್ಲು ಕೆಟ್ಟದ್ದು ಅಜ್ಜಿ ಹೋದ ಆರು ವರ್ಷಕ್ಕೆ. ಎಡಗಡೆ ಕೆಳಗಿನ ಸಾಲಿನಲ್ಲಿ ಕೊನೆಯಿಂದ ಎರಡನೆಯದು. ಒಂದು ವಾರ ಅವನನ್ನು ಗೋಡೆಗೆ ತಲೆ ಒತ್ತಿ ನಿಲ್ಲುವ ಹಾಗೆ ಮಾಡಿ, ಆಮೇಲೆ ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು. ವಾಸಿಯಾಯಿತು ಎಂದುಕೊಂಡ. ಹಲ್ಲು ಸತ್ತಿತ್ತು, ಅಷ್ಟೇ. ಅಲ್ಲಿಂದ ನಾಲ್ಕೈದು ತಿಂಗಳಿಗೊಮ್ಮೆ ಆ ಜಾಗದ ಒಸಡು ಊದುವುದು, ಅಪ್ಪ ಎರಡನೆಯ ಶೆಲ್ಫಿನಿಂದ ಕ್ಯಾಪ್ಸೂಲ್ ತೆಗೆದು ನುಂಗುವುದು, ಮೂರು ದಿನಕ್ಕೆ ಊತ ಇಳಿಯುವುದು, ಇದು ಅಭ್ಯಾಸವೇ ಆಯಿತು. ನನ್ನ ಔಷಧಿ ನನಗೇ ನಾಟುತ್ತದೆ ಎಂದರೆ ಇನ್ನೇನು ಸಾಕ್ಷಿ ಬೇಕು ಎಂದು ಗಿರಾಕಿಗಳ ಮುಂದೆ ಬಾಯಿ ಬೇರೆ ಅಗಲಿಸಿ ತೋರಿಸುತ್ತಿದ್ದ.

ಒಂದು ದಿನ ಅಮ್ಮ ಅವನ ಮುಖವನ್ನು ಬೆಳಕಿಗೆ ತಿರುಗಿಸಿ, ನಿಮ್ಮ ಎಡಗಡೆ ಕೆನ್ನೆ ದಪ್ಪವಾಗಿದೆಯಲ್ಲ ಎಂದಳು. ವಯಸ್ಸಾಗುತ್ತಾ ಮೈ ಬರುತ್ತೆ ಎಂದು ಅಪ್ಪ ಸಮಜಾಯಿಷಿ ಕೊಟ್ಟ. ಒಂದೇ ಕೆನ್ನೆಗೆ ಮೈ ಬರುತ್ತಾ ಎಂದು ಅಮ್ಮ ಕೇಳಿದಳು. ಅಪ್ಪ ಅಂಗಡಿಗೆ ಹೊತ್ತಾಯಿತೆಂದು ಹೊರಟುಬಿಟ್ಟ.

ಐದನೆಯ ವರ್ಷ ಕ್ಯಾಪ್ಸೂಲ್ ಕೈಕೊಟ್ಟಿತು. ಮೂರು ದಿನ ನುಂಗಿದ, ಊತ ಇಳಿಯಲಿಲ್ಲ. ಬೇರೆ ಹೆಸರಿನದು ತೆಗೆದುಕೊಂಡ. ಅದಕ್ಕಿಂತ ಜೋರಿನದು ಎಂದು ಮೂರನೆಯದು. ಆರನೆಯ ದಿನಕ್ಕೆ ಜ್ವರ ಸುಡುತ್ತಿತ್ತು, ಎಡಗೆನ್ನೆ ಹೊಳೆಯುತ್ತಿತ್ತು, ಚಮಚ ಹೋಗುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಕೆಳತುಟಿಯ ಅರ್ಧ ಜೋಮು ಹಿಡಿದ ಹಾಗಿದೆ ಎಂದ. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿ ಆಟೋ ಕರೆಸಿದೆ. ಹಲ್ಲು ಕಚ್ಚಿಕೊಂಡೇ ಅಪ್ಪ, ಬೇರೆ ಆಸ್ಪತ್ರೆ, ಬೇರೆ ಆಸ್ಪತ್ರೆ ಎನ್ನುತ್ತಿದ್ದ. ದವಡೆ ನೋಡುವ ಬೇರೆ ಆಸ್ಪತ್ರೆ ಊರಲ್ಲಿ ಇಲ್ಲ ಎಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ವಾರ್ಡಿನ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಕೇಸ್ ಶೀಟು ತೆಗೆದುಕೊಂಡು ಮೇಜಿಗೆ ಕೂತಳು.

"ಹೆಸರು ಹೇಳಿ," ಅಂದಳು.

ನಾನು ಅತ್ತೆಯ ಮುಖ ನೋಡಿದೆ. ಜೊತೆಗೇ ಆಡಿ ಬೆಳೆದ ತಮ್ಮನಿಗೆ ಬಹುವಚನ. ಬೈದಿದ್ದರೆ ಅಪ್ಪನಿಗೆ ಅಷ್ಟು ತಾಗುತ್ತಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿದ. ನಾನೇ ಹೆಸರು ಹೇಳಿದೆ, ವಯಸ್ಸು ಹೇಳಿದೆ.

"ಇದುವರೆಗೆ ಏನೇನು ಮಾತ್ರೆ ತಗೊಂಡಿದ್ದೀರಿ?"

ಅಪ್ಪ ಹಲ್ಲಿನ ಸಂದಿಯಿಂದ, ನಿನಗೆ ಗೊತ್ತಿಲ್ಲದ್ದೇನು ಎಂಬಂತೆ ಏನೋ ಗೊಣಗಿದ. ರೋಗಿ ಹೇಳಿದ್ದನ್ನು ಮಾತ್ರ ಬರೆದುಕೊಳ್ಳಬೇಕು, ನಮಗೆ ಗೊತ್ತಿರುವುದನ್ನಲ್ಲ ಎಂದಳು ಅತ್ತೆ. ನಾನು ಒಂದೊಂದೇ ಹೆಸರು ಹೇಳುತ್ತಾ ಹೋದೆ. ಐದು ವರ್ಷದ ಪಟ್ಟಿ. ಪೆನ್ನು ಒತ್ತಿದ ಒತ್ತಿಗೆ ಕೆಳಗಿನ ಹಾಳೆಯಲ್ಲೂ ಅಕ್ಷರ ಮೂಡಿತ್ತು.

ಮುಖದ ಸುತ್ತ ಯಂತ್ರ ತಿರುಗಿಸಿ ತೆಗೆಯುವ ಉದ್ದನೆಯ ಎಕ್ಸ್‌ರೇ ತೆಗೆದರು. ದವಡೆ ಡಾಕ್ಟರ್ ಮೆದು ಮಾತಿನ ಹೆಣ್ಣುಮಗಳು. ಪಟವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನಮ್ಮನ್ನು ಕರೆದಳು. ಸತ್ತ ಹಲ್ಲಿನ ಬೇರಿನಿಂದ ಶುರುವಾಗಿ ಗಲ್ಲದ ಹತ್ತಿರದವರೆಗೆ, ಮೂಳೆ ಬೆಳ್ಳಗೆ ಇರಬೇಕಾದ ಕಡೆ ಕೋಳಿಮೊಟ್ಟೆ ಗಾತ್ರದ ಕಪ್ಪು. ಅದರ ಕೆಳಗೆ ಉಳಿದದ್ದು ಪೆನ್ಸಿಲಿನಲ್ಲಿ ಎಳೆದಂಥ ಒಂದು ಬಿಳಿ ಗೆರೆ. ಆ ಗೆರೆಯೇ ಅಪ್ಪನ ದವಡೆ.

ಇದು ಸಿಸ್ಟ್, ಅಂದರೆ ನೀರು ತುಂಬಿದ ಒಂದು ಚೀಲ ಎಂದು ಡಾಕ್ಟರ್ ವಿವರಿಸಿದಳು. ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಹುಟ್ಟಿ, ನೋವಿಲ್ಲದೆ ಮೂಳೆಯನ್ನು ಕರಗಿಸುತ್ತಾ ಬೆಳೆಯುತ್ತದೆ. ಆಗಾಗ ಕೀವಾಗುತ್ತದೆ. ಮಾತ್ರೆ ನುಂಗಿದರೆ ಸುತ್ತಲಿನ ಬಾವು ಇಳಿಯುತ್ತದೆ, ಚೀಲ ಅಲ್ಲೇ ಇರುತ್ತದೆ. ಸತ್ತ ಹಲ್ಲಿಗೆ ರಕ್ತವೇ ಹೋಗುವುದಿಲ್ಲ, ಮತ್ತೆ ರಕ್ತದಲ್ಲಿ ಬರುವ ಔಷಧಿ ಹೋಗುವುದು ಎಲ್ಲಿಂದ. ಒಂದೇ ಸಲಕ್ಕೆ ಕಿತ್ತು ತೆಗೆದರೆ ದವಡೆ ಮುರಿಯಬಹುದು, ತುಟಿಯ ನರ ಹೋಗಬಹುದು. ಅದಕ್ಕೆ ಈಗ ಕೀವು ಹರಿಸಿ, ಚೀಲಕ್ಕೆ ಒಂದು ಕಿಂಡಿ ಮಾಡಿ ಪುಟ್ಟ ಕೊಳವೆ ಇಡೋಣ. ದಿನಕ್ಕೆರಡು ಸಲ ಅದರೊಳಗೆ ಉಪ್ಪುನೀರು ಹಾಯಿಸಿ ತೊಳೆಯಬೇಕು. ಚೀಲ ತಾನಾಗಿ ಕುಗ್ಗುತ್ತದೆ, ಮೂಳೆ ತುಂಬುತ್ತದೆ. ಏಳೆಂಟು ತಿಂಗಳಾದ ಮೇಲೆ ಉಳಿದದ್ದನ್ನು ಹಲ್ಲಿನ ಸಮೇತ ತೆಗೆಯೋಣ.

ಜ್ವರ ಇದ್ದದ್ದರಿಂದ, ಬಾವು ಹರಡುತ್ತಿದ್ದದ್ದರಿಂದ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರು. ಕೊಳವೆ ಹಾಕಿದ ದಿನ ತೆಗೆದ ಕೀವನ್ನೂ ಚೀಲದ ಒಂದು ಚೂರನ್ನೂ ಪರೀಕ್ಷೆಗೆ ಕಳಿಸಿದರು. ಚೂರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೀವಿನ ವರದಿ ಬಂದದ್ದು ಮೂರನೆಯ ದಿನ. ಅದನ್ನು ಡಾಕ್ಟರಿಗೆ ಕೊಡುವ ಮೊದಲು ಅತ್ತೆ ಅಪ್ಪನ ಮಂಚದ ಬುಡದಲ್ಲಿ ನಿಂತು ಓದಿದಳು. ಅಕ್ಕಪಕ್ಕದ ಮಂಚದವರಿಗೆಲ್ಲ ಕೇಳುವ ಹಾಗೆ. ಒಂದು ಔಷಧಿಯ ಹೆಸರು, ಆರ್. ಇನ್ನೊಂದು ಹೆಸರು, ಆರ್. ಮತ್ತೊಂದು, ಆರ್. ಆರ್ ಎಂದರೆ ಈ ಔಷಧಿಗೆ ಈ ಕ್ರಿಮಿ ಸಾಯುವುದಿಲ್ಲ ಎಂದು.

"ನಿನ್ನ ಎರಡನೇ ಶೆಲ್ಫ್ ಪೂರ್ತಿ ಇದೆ ಇದರಲ್ಲಿ," ಅಂದಳು. ಅಲ್ಲಿಗೆ ಬಹುವಚನ ಮುಗಿದಿತ್ತು. "ಐದು ವರ್ಷ ಅನ್ನ ಹಾಕಿ ಸಾಕಿದ್ದೀಯ. ಈಗ ಅವು ನಿನಗೆ ಯಾಕೆ ಹೆದರ್ತವೆ?"

ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ಆದರೆ ಹೊದಿಕೆಯ ಕೆಳಗೆ ಅವನ ಕಾಲಿನ ಹೆಬ್ಬೆರಳು ಒಂದೇ ಸಮನೆ ಅಲ್ಲಾಡುತ್ತಿತ್ತು. ಅವನಿಗೆ ಸಿಟ್ಟು ಬಂದರೆ ಹಾಗೆ. ವರದಿಯಲ್ಲಿ ಎಸ್, ಅಂದರೆ ಕ್ರಿಮಿ ಸಾಯುತ್ತದೆ, ಎಂದಿದ್ದ ಒಂದೆರಡರಲ್ಲಿ ಒಂದಕ್ಕೆ ಔಷಧಿ ಬದಲಾಯಿಸಿದರು. ಜ್ವರ ಬಿಟ್ಟಿತು, ಬಾವು ಇಳಿಯಿತು. ಮನೆಗೆ ಹೊರಡುವ ದಿನ, ಮುಂದಕ್ಕೆ ಯಾವ ಕ್ಯಾಪ್ಸೂಲ್ ಎಂದು ಅಪ್ಪ ಕೇಳಿದ. ಡಾಕ್ಟರ್ ನಗುತ್ತಾ, ಇನ್ನು ಯಾವುದೂ ಬೇಡ, ಉಪ್ಪುನೀರು ಸಾಕು ಎಂದಳು. ಮೂವತ್ತು ವರ್ಷ ಔಷಧಿ ಮಾರಿದವನಿಗೆ ಉಪ್ಪುನೀರಿನ ಚೀಟಿ. ಅಪ್ಪ ಅದನ್ನು ಆಟೋದಲ್ಲೇ ಮುದುರಿ ಎಸೆದ.

ಕೊಳವೆ ಬಾಯಿಯ ಹಿಂಬದಿಯಲ್ಲಿತ್ತು. ಕನ್ನಡಿ ಹಿಡಿದರೂ ಅಪ್ಪನಿಗೆ ಕಾಣುತ್ತಿರಲಿಲ್ಲ. ಮೊದಲ ಸಲ ಅಮ್ಮ ಸಿರಿಂಜು ಹಿಡಿದಳು. ನೀರಿನ ಜೊತೆ ರಕ್ತದ ಎಳೆಗಳು ಬಂದದ್ದೇ ತಡ, ಬೇಸಿನ್ನಿನ ಪಕ್ಕ ಕುಸಿದು ಕೂತುಬಿಟ್ಟಳು. ಮರುದಿನ ನಾನು ಹಿಡಿದೆ. ನೀರು ಗಂಟಲಿಗೆ ಹೋಯಿತು. ಅಪ್ಪ ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡು ನನ್ನ ಕೈಯನ್ನು ತಳ್ಳಿದ, ಸಿರಿಂಜು ಗೋಡೆಗೆ ಬಡಿಯಿತು. ಇಪ್ಪತ್ತೆಂಟು ವರ್ಷದಲ್ಲಿ ಅಪ್ಪ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

ಅವತ್ತೇ ಸಂಜೆ ಕ್ವಾರ್ಟರ್ಸಿಗೆ ಹೋದೆ. ಅತ್ತೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ನಾನು ಹೇಳುವುದನ್ನೆಲ್ಲ ಕೇಳಿ, ಕಾಲರನ್ನು ಎರಡು ಸಲ ಉಜ್ಜಿ, ಇಸ್ತ್ರಿಪೆಟ್ಟಿಗೆ ನೇರ ನಿಲ್ಲಿಸಿದಳು.

"ನಿಮ್ಮಪ್ಪನ ಮುಖ ನೋಡೋಕೆ ನಾನು ಬರಲ್ಲ," ಅಂದಳು. "ದವಡೆ ನೋಡೋಕೆ ಬರ್ತೀನಿ."

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಬಂದಳು. ಡ್ಯೂಟಿಗೆ ಮೊದಲು ಒಂದು ಸಲ, ಡ್ಯೂಟಿ ಮುಗಿಸಿ ಸಂಜೆ ಒಂದು ಸಲ. ಅಮ್ಮ, ಬನ್ನಿ ಅತ್ತಿಗೆ ಎಂದು ಕುರ್ಚಿ ಎಳೆದರೆ ಕೂರಲಿಲ್ಲ, ಚಹಾ ಕೊಟ್ಟರೆ ಮುಟ್ಟಲಿಲ್ಲ. ಕೈಚೀಲದಿಂದ ಕುದಿಸಿದ ಸಿರಿಂಜಿನ ಡಬ್ಬಿ ತೆಗೆದು, ಬೇಸಿನ್ನಿನ ಮುಂದೆ ಸ್ಟೂಲು ಹಾಕಿ, ಅಪ್ಪ ಬಂದು ಕೂತ ಮೇಲೆ ಒಂದೇ ಮಾತು:

"ಬಾಯಿ."

ಅಪ್ಪ ತೆರೆಯುತ್ತಿದ್ದ. ಬೇರೆ ಗತಿ ಇರಲಿಲ್ಲ. ಅತ್ತೆಯ ಎಡಗೈ ಅವನ ಗಲ್ಲ ಹಿಡಿದರೆ ಅದು ಅಲ್ಲಾಡುವಂತಿರಲಿಲ್ಲ. ನಾನು ನೋಡಿದ್ದೇನೆ, ಸಿರಿಂಜಿನ ಬಲಗೈ ಮಾತ್ರ ಹೂ ಪೋಣಿಸುವಷ್ಟು ಮೆತ್ತಗೆ ಚಲಿಸುತ್ತಿತ್ತು. ಒಂದು ಹನಿಯೂ ಗಂಟಲಿಗೆ ಹೋಗುತ್ತಿರಲಿಲ್ಲ. ಮೊದಮೊದಲು ಹಳದಿ ನೀರು, ಕೆಟ್ಟ ವಾಸನೆ. ವಾರ ಕಳೆಯುತ್ತಾ ತಿಳಿಯಾಯಿತು.

ಎರಡನೆಯ ವಾರ ಒಂದು ಬೆಳಿಗ್ಗೆ ಅಪ್ಪನ ಮುಖ ಬಿಳಿಚಿಕೊಂಡಿತ್ತು. ಅತ್ತೆ ಗಲ್ಲ ಹಿಡಿದುಕೊಂಡೇ, ಹೊಟ್ಟೆ ಕೆಟ್ಟಿದೆಯಾ ಎಂದು ಕೇಳಿದಳು. ಅಪ್ಪ ಕಣ್ಣಿನಲ್ಲೇ ಹೌದೆಂದ. ಎಷ್ಟು ದಿನದಿಂದ? ಮೂರು ಬೆರಳು ತೋರಿಸಿದ. ಅತ್ತೆ ತೊಳೆಯುವುದನ್ನು ಮುಗಿಸಿ, ಕೈ ಒರೆಸಿಕೊಂಡು, ಮೊಳೆಗೆ ತೂಗುಹಾಕಿದ್ದ ಅವನ ಅಂಗಿಯ ಜೇಬಿಗೆ ಕೈ ಹಾಕಿದಳು. ಕ್ಯಾಪ್ಸೂಲಿನ ಪಟ್ಟಿ ಸಿಕ್ಕಿತು. ಆರು ಖಾಲಿ.

"ಇದು ನಿನ್ನ ದವಡೆಗೆ ಹೋಗಲ್ಲ ಅಂತ ಆ ಡಾಕ್ಟರ್ ಹುಡುಗಿ ಚಿತ್ರ ತೋರಿಸಿ ಹೇಳಿದ್ಲು. ಹೊಟ್ಟೆಗೆ ಹೋಗಿ ಅಲ್ಲಿರೋ ಒಳ್ಳೇ ಕ್ರಿಮಿಗಳನ್ನ ಕೊಲ್ತಿದೆ. ನಿನ್ನ ಕೈಲಿ ಸಾಯೋದು ಯಾವಾಗಲೂ ತಪ್ಪು ಮಾಡದೇ ಇರೋರೇ."

ಪಟ್ಟಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು. ಅವತ್ತಿನಿಂದ ಅತ್ತೆಯ ಬಾಯಿ ಬಿಚ್ಚಿಕೊಂಡಿತು. ಹನ್ನೊಂದು ವರ್ಷ ಒಳಗೆ ಇಟ್ಟುಕೊಂಡದ್ದನ್ನೆಲ್ಲ ದಿನಕ್ಕೆ ಎರಡು ಕಂತಿನಲ್ಲಿ ಹೊರಗೆ ಹಾಕತೊಡಗಿದಳು. ಅಜ್ಜಿಯ ಕುತ್ತಿಗೆಯ ಬಣ್ಣ ಹೇಗಿತ್ತು, ಕೊನೆಯ ದಿನ ಅಜ್ಜಿ ಗೋಡೆಯ ಮೇಲೆ ಬೆರಳಿನಿಂದ ಏನು ಬರೆಯಲು ನೋಡಿದಳು, ತನ್ನದೇ ವಾರ್ಡಿನಲ್ಲಿ ತೀರಿಕೊಂಡ ತಾಯಿಯ ಮುಖಕ್ಕೆ ತಾನೇ ಹೊದಿಕೆ ಎಳೆಯಬೇಕಾದಾಗ ಜೊತೆಯವರು ಹೇಗೆ ಮುಖ ತಿರುಗಿಸಿಕೊಂಡರು. ದನಿ ಏರಿಸುತ್ತಿರಲಿಲ್ಲ. ನೀರು ಹಾಯಿಸುತ್ತಾ, ಬೇಸಿನ್ನಿಗೆ ಬಗ್ಗಿಸುತ್ತಾ, ಮತ್ತೆ ಗಲ್ಲ ಎತ್ತುತ್ತಾ ಹೇಳುತ್ತಿದ್ದಳು. ಅಪ್ಪ ಬಾಯಿ ತೆರೆದುಕೊಂಡು ಕೂತಿರಬೇಕಿತ್ತು. ಬಾಯಿ ತೆರೆದವನು ತಿರುಗಿ ಮಾತಾಡುವ ಹಾಗಿಲ್ಲ. ಕೆಲವು ದಿನ ಅವನ ಕಣ್ಣಿನಿಂದ ನೀರು ಬರುತ್ತಿತ್ತು. ಅದು ನೋವಿಗೋ ಸಿಟ್ಟಿಗೋ ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಉಪ್ಪುನೀರು ಸಿಡಿಯಿತು ಅನ್ನುತ್ತಿದ್ದ.

ಅಮ್ಮನಿಗೆ ತಡೆಯಲಾಗಲಿಲ್ಲ. ಅತ್ತಿಗೆ, ಹುಷಾರಿಲ್ಲದವರಿಗೆ ದಿನಾ ಹೀಗೆ ಚುಚ್ಚಿದರೆ ಹೇಗೆ ಎಂದಳು ಒಮ್ಮೆ. ನಾನು ಚುಚ್ಚುತ್ತಿಲ್ಲ, ತೊಳೆಯುತ್ತಿದ್ದೇನೆ ಎಂದಳು ಅತ್ತೆ.

ಮೂರನೆಯ ತಿಂಗಳ ಒಂದು ಸಂಜೆ. ಅತ್ತೆ ಸಿರಿಂಜು ತುಂಬಿಸಿ, ಬಾಯಿ ಎಂದಳು. ಅಪ್ಪ ತುಟಿ ಬಿಗಿಹಿಡಿದು ಕೂತ. ಎರಡನೆಯ ಸಲ ಹೇಳಿದಳು. ಅವನು ಅವಳ ಮಣಿಕಟ್ಟು ಹಿಡಿದ.

"ಇವತ್ತು ನಾನು ಮಾತಾಡ್ತೀನಿ. ಆಮೇಲೆ ತೊಳಿ."

ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

"ಅಮ್ಮ ಸಾಯೋ ಹಿಂದಿನ ವರ್ಷ ನಿಮ್ಮ ಆಸ್ಪತ್ರೆಗೆ ಬಂದಿದ್ಲು. ನೆನಪಿದೆಯಾ? ಅದೇ ಹಲ್ಲು ತೋರಿಸೋಕೆ. ಓದೋ ಮಕ್ಕಳು ಹತ್ತು ಜನ ಸುತ್ತ ನಿಂತಿದ್ರು. ನೀನು ಅಮ್ಮನ ಬಾಯಿ ನೋಡಿ ಏನಂದೆ ಹೇಳು."

ಅತ್ತೆ ಸಿರಿಂಜನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಈ ವಯಸ್ಸಲ್ಲಿ ಬಾಯಿ ತೊಳ್ಕೊಳ್ಳೋಕೆ ಬರಲ್ವಾ, ನನ್ನ ಮಾನ ತೆಗೀಬೇಡ ಅಂದೆ. ಆ ಮಕ್ಕಳು ನಕ್ರಂತೆ. ಅಮ್ಮ ಸೀದಾ ನನ್ನ ಅಂಗಡಿಗೆ ಬಂದು ಕೂತ್ಲು, ಸೆರಗಿನಿಂದ ಬಾಯಿ ಮುಚ್ಕೊಂಡು. ಸತ್ರೂ ಅಲ್ಲಿಗೆ ಹೋಗಲ್ಲ ಅಂದ್ಲು. ಕಡೇ ವಾರ ನಾನು ಎರಡು ಸಲ ಆಟೋ ತಂದು ನಿಲ್ಲಿಸಿದೆ. ಬಾಗಿಲು ಹಾಕ್ಕೊಂಡ್ಲು. ಕ್ಯಾಪ್ಸೂಲ್ ಕೊಡೋದು ಬಿಟ್ಟು ನನಗೆ ಬೇರೆ ಏನು ಗೊತ್ತಿತ್ತು?"

ನಾನೂ ಅಮ್ಮನೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಅಜ್ಜಿ ಬಾಗಿಲು ಹಾಕಿಕೊಂಡದ್ದು ಅಮ್ಮನಿಗೆ ಗೊತ್ತಿತ್ತು ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಇದನ್ನ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಅತ್ತೆಯ ದನಿ ಎಂದಿನ ಹಾಗೇ ಇತ್ತು.

"ನೀನು ಕೇಳಿದ್ದು ಯಾವಾಗ? ನೀನು ತೀರ್ಪು ಕೊಟ್ಟು ಎದ್ದು ಹೋದೆ."

ಅಪ್ಪ ಅವಳ ಕೈ ಬಿಟ್ಟು ಬಾಯಿ ತೆರೆದ. ಅತ್ತೆ ತೊಳೆದಳು. ಎಂದಿನಷ್ಟೇ ನೀರು, ಎಂದಿನ ಹಾಗೇ ನಿಧಾನ. ಸಿರಿಂಜನ್ನು ಬಿಚ್ಚಿ ಡಬ್ಬಿಗೆ ಹಾಕುವಾಗ ಮಾತ್ರ ಮುಚ್ಚಳ ಸರಿಯಾಗಿ ಕೂರಲಿಲ್ಲ. ಎರಡು ಮೂರು ಸಲ ಒತ್ತಿದಳು, ಆಮೇಲೆ ಹಾಗೇ ಚೀಲಕ್ಕೆ ತುರುಕಿಕೊಂಡು ಹೊರಟಳು.

ಮಾರನೆಯ ಬೆಳಿಗ್ಗೆ ಅವಳು ಬರಲಿಲ್ಲ. ಏಳು ಗಂಟೆಯವರೆಗೆ ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ನಾನು ಕೇಳದೆಯೇ ಸಿರಿಂಜು ತುಂಬಿಸಿದೆ. ಅಷ್ಟು ದಿನ ನೋಡಿ ನೋಡಿ ಕೈಗೆ ಹದ ಸಿಕ್ಕಿತ್ತು, ನೀರು ಗಂಟಲಿಗೆ ಹೋಗಲಿಲ್ಲ. ಸಂಜೆ ಅತ್ತೆ ಬಂದಳು. ಬೆಳಿಗ್ಗೆ ಎಲ್ಲಿದ್ದಳೆಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಾಯಿ ಎಂದಳು, ತೊಳೆದಳು, ಹೋದಳು. ಆಮೇಲೆ ನಾಲ್ಕು ತಿಂಗಳು ಆ ಒಂದು ಶಬ್ದ ಬಿಟ್ಟು ಇನ್ನೊಂದು ಆಡಲಿಲ್ಲ. ಗೆದ್ದೆ ಎಂದು ಅಪ್ಪ ಬೀಗುತ್ತಾನೆ ಎಂದುಕೊಂಡಿದ್ದೆ. ಅವನು ಬೀಗಲಿಲ್ಲ, ಕರಗಲೂ ಇಲ್ಲ. ಅವಳು ಹೋದ ಮೇಲೆ, ಗಲ್ಲ ಹಿಡಿಯುವ ಹಿಡಿತ ನೋಡು, ಕಳ್ಳನನ್ನು ಹಿಡಿದ ಹಾಗೆ ಎಂದು ದವಡೆ ಸವರಿಕೊಳ್ಳುತ್ತಿದ್ದ. ಅವಳು ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲನ್ನು ಬೇಕೆಂದೇ ಬೇಗ ಹಾಕುತ್ತಿದ್ದ.

ಏಳನೆಯ ತಿಂಗಳ ಎಕ್ಸ್‌ರೇಯಲ್ಲಿ ಕಪ್ಪು ಜಾಗ ನೆಲ್ಲಿಕಾಯಿಯಷ್ಟಾಗಿತ್ತು. ಸುತ್ತ ಮಂಜು ಮುಸುಕಿದ ಹಾಗೆ ಬೆಳ್ಳನೆಯ ಹೊಸ ಮೂಳೆ. ಡಾಕ್ಟರ್ ಖುಷಿಯಿಂದ ಪಟವನ್ನು ಕಲಿಯುವ ಮಕ್ಕಳಿಗೆಲ್ಲ ತೋರಿಸಿದಳು. ಆಪರೇಷನ್ ಮಾಡಿ ಸತ್ತ ಹಲ್ಲನ್ನೂ ಉಳಿದ ಚೀಲವನ್ನೂ ತೆಗೆದರು. ಕತ್ತಿ ಹಾಕುವ ಮೊದಲು ಒಂದೇ ಒಂದು ಡೋಸ್ ಆ್ಯಂಟಿಬಯಾಟಿಕ್ ಕೊಟ್ಟರು, ಆಮೇಲೆ ಒಂದೂ ಇಲ್ಲ. ಗಾಯ ಹತ್ತು ದಿನಕ್ಕೆ ಕೂಡಿಕೊಂಡಿತು. ಕೆಳತುಟಿಯ ಎಡಗಡೆ ಸ್ವಲ್ಪ ಜೋಮು ಮಾತ್ರ ಉಳಿಯಿತು. ಚಹಾ ಕುಡಿದರೆ ಆ ಮೂಲೆಯಿಂದ ಒಂದು ಹನಿ ಜಾರಿ ಅಂಗಿಗೆ ಬೀಳುತ್ತದೆ, ಅವನಿಗೆ ಗೊತ್ತಾಗುವುದಿಲ್ಲ. ಹೊಲಿಗೆ ಬಿಚ್ಚಿದ ದಿನದಿಂದ ಅತ್ತೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದಳು. ಕೆಲಸ ಮುಗಿಯಿತು, ಅಷ್ಟೇ. ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ಅಪ್ಪ ಅಂಗಡಿಗೆ ಮರಳಿದ. ಮೊದಲ ವಾರವೇ ಕೆನ್ನೆ ಹಿಡಿದುಕೊಂಡು ಲಾರಿ ಡ್ರೈವರನೊಬ್ಬ ಬಂದ. ಅಪ್ಪನ ಕೈ ಅಭ್ಯಾಸಬಲದಿಂದ ಮೇಲಕ್ಕೆ ಹೋಗಿ, ಅಲ್ಲೇ ನಿಂತು, ಕೆಳಗೆ ಬಂತು. ಚೀಟಿ ಎಲ್ಲಿ ಎಂದ. ಯಾವತ್ತು ಚೀಟಿ ಕೇಳಿದ್ದೀರಿ ಎಂದು ಡ್ರೈವರ್ ನಕ್ಕ. ಇವತ್ತು ಕೇಳುತ್ತಿದ್ದೇನೆ, ಹೋಗಿ ಹಲ್ಲು ತೋರಿಸಿ, ಇಲ್ಲದಿದ್ದರೆ ಇಲ್ಲಿಂದ ಜಾಗ ಖಾಲಿ ಮಾಡಿ ಎಂದು ಅಪ್ಪ ಗದರಿದ. ಡ್ರೈವರ್ ನಾಲ್ಕು ಬಾಗಿಲು ಆಚೆಯ ಅಂಗಡಿಗೆ ಹೋಗಿ, ಕೇಳಿದ್ದನ್ನು ಪಡೆದುಕೊಂಡು, ನಮ್ಮ ಅಂಗಡಿಯ ಮುಂದೆಯೇ ಪಟ್ಟಿ ಅಲ್ಲಾಡಿಸುತ್ತಾ ನಡೆದ. ಮಾತ್ರೆ ಡಾಕ್ಟ್ರಿಗೆ ದವಡೆಯ ಜೊತೆ ತಲೆಯನ್ನೂ ಕೊರೆದಿದ್ದಾರೆ ಎಂಬ ಮಾತು ಬೀದಿ ತುಂಬ ಓಡಾಡಿತು. ನೋವಿನಲ್ಲಿರುವವರನ್ನು ಬರಿಗೈಲಿ ಕಳಿಸುವ ಕಟುಕ ಎಂದು ಕೆಲವರು ಎದುರಿಗೇ ಅಂದರು. ಅಪ್ಪ ಅವರಿಗೆ ಅದಕ್ಕಿಂತ ಕೆಟ್ಟದ್ದನ್ನು ಅಂದ. ಅಕ್ಕ ಹೇಳಿದ್ದು ಸರಿ ಎಂದು ಮಾತ್ರ ಯಾರ ಮುಂದೆಯೂ ಹೇಳಲಿಲ್ಲ, ನಮ್ಮ ಮುಂದೆಯೂ.

ಹೋದ ವರ್ಷ ಕಟ್ಟಡ ಕೆಲಸದ ಹೆಂಗಸೊಬ್ಬಳು ಬಂದಳು. ಮೇಲಿನ ಹಲ್ಲು, ಬಾವು ಕಣ್ಣಿನವರೆಗೆ ಏರಿ ರೆಪ್ಪೆ ಮುಚ್ಚಿಹೋಗಿತ್ತು, ಮೈ ಸುಡುತ್ತಿತ್ತು. ಅಪ್ಪ ಹೆದರಿ ಏನೂ ಕೊಡಲಿಲ್ಲ. ಹಲ್ಲಿನ ಆಸ್ಪತ್ರೆಗೆ ಹೋಗಮ್ಮ ಎಂದು ಬಸ್ಸಿನ ನಂಬರು ಹೇಳಿ ಕಳಿಸಿದ. ಅವಳು ಎರಡು ಬಸ್ಸು ಬದಲಾಯಿಸಿ, ದಾರಿಯಲ್ಲಿ ಒಮ್ಮೆ ತಲೆ ಸುತ್ತಿ ಬಿದ್ದು, ಮಧ್ಯಾಹ್ನ ವಾರ್ಡು ಸೇರಿದಳು. ಮಾತ್ರೆ ಅಂಗಡಿಯವರು ಕಳಿಸಿದರು ಎಂದಳಂತೆ.

ಸಂಜೆ ಐದು ಗಂಟೆಗೆ ಅತ್ತೆ ಸಮವಸ್ತ್ರದಲ್ಲೇ ನಮ್ಮ ಅಂಗಡಿಯ ಮುಂದೆ ನಿಂತಿದ್ದಳು. ಅಜ್ಜಿ ಹೋದ ಮೇಲೆ ಆ ಅಂಗಡಿಗೆ ಅವಳು ಬಂದದ್ದು ಅದೇ ಮೊದಲು. ಕೌಂಟರಿನ ಮುಂದೆ ನಾಲ್ಕು ಜನ ಗಿರಾಕಿಗಳಿದ್ದರು. ಅವರನ್ನು ಬದಿಗೆ ಸರಿಸಿದಳು.

"ಕಣ್ಣಿನ ತನಕ ಬಾವು, ನೂರಮೂರು ಜ್ವರ. ಅಂಥವಳನ್ನ ಬಸ್ಸಲ್ಲಿ ಕಳಿಸ್ತೀಯಾ? ಇನ್ನು ಅರ್ಧ ದಿನ ಬಿಟ್ಟಿದ್ರೆ ಮಿದುಳಿಗೆ ಹೋಗಿರೋದು. ಒಂದು ಆಟೋ ಕರೆಯೋಕೆ ಆಗ್ಲಿಲ್ವಾ? ಒಂದು ಫೋನ್ ಮಾಡೋಕೆ ಆಗ್ಲಿಲ್ವಾ? ಅಂಥವರಿಗೇ ಕಣೋ ಔಷಧಿ ಇರೋದು. ಸೂಜಿ ಹಾಕಿ ಮಲಗಿಸಿದ್ದೀವಿ ಈಗ."

"ಕೊಟ್ರೂ ಬೈತೀಯ," ಅಂದ ಅಪ್ಪ, "ಕೊಡದಿದ್ರೂ ಬೈತೀಯ."

"ಹೌದು. ಬೈತೀನಿ."

ನೋಡದೆ ಕೊಡುವುದೂ ಒಂದೇ, ನೋಡದೆ ಅಟ್ಟುವುದೂ ಒಂದೇ ಎಂದಳು. ಬಾವು ಎಲ್ಲಿಯವರೆಗೆ ಹಬ್ಬಿದೆ ನೋಡು, ಜ್ವರ ಅಳೆ, ಬಾಯಿ ಎಷ್ಟು ತೆರೆಯುತ್ತದೆ ನೋಡು, ಮೂವತ್ತು ವರ್ಷ ಇಲ್ಲಿ ನಿಂತು ಜನರ ಮುಖ ನೋಡುವುದನ್ನೇ ಕಲಿಯಲಿಲ್ಲವಾ ಎಂದು ಗಿರಾಕಿಗಳೆದುರೇ ಕಾಲು ಗಂಟೆ ಝಾಡಿಸಿದಳು. ಅಪ್ಪನೂ ಸುಮ್ಮನಿರಲಿಲ್ಲ, ನಿಮ್ಮ ವಾರ್ಡಿನ ಫೋನನ್ನು ಯಾರೂ ಎತ್ತುವುದಿಲ್ಲ ಎಂದು ಕೂಗಾಡಿದ. ಅತ್ತೆ ಕೌಂಟರಿನ ಮೇಲಿದ್ದ ಪೆನ್ನು ಕಿತ್ತುಕೊಂಡು, ಒಂದು ಖಾಲಿ ಔಷಧಿ ಡಬ್ಬದ ಮೇಲೆ ತನ್ನ ಮೇಜಿನ ನಂಬರು ಬರೆದು, ಅವನ ಎದೆಗೆ ತಾಗುವ ಹಾಗೆ ಎಸೆದು ಹೋದಳು.

ಆ ಹೆಂಗಸು ಉಳಿದಳು. ಹಲ್ಲು ಕೀಳಿಸಿಕೊಂಡು, ಎಂಟನೆಯ ದಿನ ಮನೆಗೆ ಹೋದಳು.

ಈಗ ವಾರಕ್ಕೆ ಒಂದೆರಡು ಸಲ ಅಪ್ಪ ಆ ನಂಬರಿಗೆ ಫೋನ್ ಮಾಡುತ್ತಾನೆ. ಅಕ್ಕ ಎನ್ನುವುದಿಲ್ಲ, ಹಲೋ ಎನ್ನುವುದಿಲ್ಲ. ನಿನ್ನೆ ನಾನು ಅಂಗಡಿಯಲ್ಲೇ ಇದ್ದೆ.

"ಒಬ್ರು ಬರ್ತಿದ್ದಾರೆ. ಗಂಡಸು, ನಲವತ್ತು ವಯಸ್ಸು. ಬಾವು ದವಡೆ ಕೆಳಗಿದೆ. ಜ್ವರ ನೂರೊಂದು. ಆಟೋ ಹತ್ತಿಸಿದ್ದೀನಿ. ಏನೂ ಕೊಟ್ಟಿಲ್ಲ."

ಆ ಕಡೆಯಿಂದ ಏನೋ ಕೇಳಿದಳು.

"ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಲಿಲ್ಲ," ಅಂದ ಅಪ್ಪ. ಫೋನಿನೊಳಗಿನಿಂದ ಬೈಗುಳ ನನಗೂ ಕೇಳುವಷ್ಟು ಜೋರಾಗಿ ಬಂತು. ಅಪ್ಪ ರಿಸೀವರನ್ನು ಕಿವಿಯಿಂದ ದೂರ ಹಿಡಿದು, ಬೈಗುಳ ಮುಗಿಯುವವರೆಗೆ ಕಾದು, ಕೆಳಗಿಟ್ಟ. ಆಮೇಲೆ ಸರದಿಯಲ್ಲಿ ಮುಂದಿದ್ದ ಮುದುಕಿಯ ಕಡೆ ತಿರುಗಿ, ಅವಳ ಗಲ್ಲವನ್ನು ಬೆಳಕಿಗೆ ಎತ್ತಿ, ಸಿಡುಕುತ್ತಾ ಕೇಳಿದ:

"ಸಕ್ಕರೆ ಇದೆಯೇನಮ್ಮ ನಿಂಗೆ?"